ಬ್ಯಾಡಗಿ ಕೋಲ್ಡ್ ಸ್ಟೋರೇಜಿಗೆ ಸಣ್ಣ ಎಡ್ಜ್ ಸರ್ವರ್: ಯಾವ ಪ್ರೊಸೆಸರ್ ಬಾಳಿಕಿ ಬರತೈತಿ? ಅನುಭವ ಇದ್ದವ್ರು ಹೇಳ್ರಿ

ಬ್ಯಾಡಗಿಯಿಂದ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ. ಬ್ಯಾಡಗಿಯೊಳಗ ನಮ್ಮ ಕಾಕಾಂದು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಐತಿ. ಕಂಪ್ಯೂಟರ್ ಕೆಲಸ ಎಲ್ಲಾ ನಾನ ನೋಡ್ಕೋತೀನಿ. ನಾಲ್ಕು ಚೇಂಬರಿನ ಸೆನ್ಸರ್, ವೇಬ್ರಿಡ್ಜ್ ತೂಕ, ಎಂಟು ಕ್ಯಾಮೆರಾ, ಇಷ್ಟೂ ಒಂದ ಎಡ್ಜ್ ಸರ್ವರಿಗೆ, ಅಂದ್ರ ದೂರದಾಗ ಅಲ್ಲದ ಇಲ್ಲೇ ಜಾಗಾದಾಗ ಇಡೋ ಸರ್ವರಿಗೆ ಬರಬೇಕು. ಇಂಟರ್ನೆಟ್ ಹೋದ್ರೂ ಕೆಲಸ ನಿಲ್ಲಬಾರದು. ಸೋಮವಾರ, ಗುರುವಾರ ಪ್ಯಾಟಿ ದಿವಸ ಲಾರಿ ಸಾಲು ಹಚ್ಚಿದಾಗ ತೂಕದ ಕಂಪ್ಯೂಟರ್ ನಿಂತ್ರ ಯಾರಿಗೆ ಏನಂತ ಉತ್ತರಾ ಕೊಡೂದು? ಎರಡು ವರ್ಷದಾಗ ಎರಡು ಮಿನಿ ಪಿಸಿ ಹೋದವು. ಬಿಚ್ಚಿ ನೋಡಿದ್ರ ಫ್ಯಾನಿಗೆಲ್ಲಾ ಕೆಂಪು ಧೂಳು ಮೆತ್ತಿತ್ತು. ಈ ಸಲ ಫ್ಯಾನ್ ಇಲ್ಲದ ಗಟ್ಟಿ ಪೆಟ್ಟಿಗಿ ತಗೋಬೇಕಂತ ಮಾಡೀನಿ. ಒಬ್ರು ಇಂಟೆಲ್ಲಿನ ಐ7 ಪ್ರೊಸೆಸರ್ ಹಾಕ್ಸು ಅಂತಾರ, ಇನ್ನೊಬ್ರು ಇಂಟೆಲ್ಲಿನ ಸರ್ವರ್ ಚಿಪ್ ಝಿಯಾನ್ ಇಲ್ದ ಸರ್ವರ್ ಅನ್ನಬ್ಯಾಡ ಅಂತಾರ. ಬಳಸಿ ನೋಡಿದವ್ರು ದಾರಿ ತೋರಿಸ್ರಿ.

ಹುಬ್ಬಳ್ಳಿ, ಗೋಕುಲ ರಸ್ತೆಯಿಂದ:

ತಮ್ಮಾ, ನಾನು ವಾಲ್ವ್ ಕಾರ್ಖಾನಿಯೊಳಗ ಮೆಂಟೇನನ್ಸ್ ನೋಡಾಂವ. ಎಷ್ಟು ಕೋರ್ (ಚಿಪ್ಪಿನೊಳಗಿನ ಲೆಕ್ಕದ ಘಟಕ), ಎಷ್ಟು ಗಿಗಾಹರ್ಟ್ಸ್ (ವೇಗ) ಅನ್ನೂದನ್ನ ಸದ್ಯ ಬಾಜೂಕ ಇಡು. ಎಪ್ರಿಲ್ ತಿಂಗಳ ಮಧ್ಯಾಹ್ನ ಮೂರಕ್ಕ ಪೆಟ್ಟಿಗಿ ಇಡೋ ಜಾಗಾದಾಗ ಎಷ್ಟು ಕಾವು ಇರತೈತಿ ಅಂತ ಅಳತಿ ಮಾಡಿ ಬರಿ. ಪ್ರೊಸೆಸರ್ ಆರಿಸೂದು ಅಲ್ಲಿಂದ ಚಾಲೂ ಆಗಬೇಕು.

ಇದನ್ನ ನಾನು ಪೆಟ್ಟು ತಿಂದು ಕಲಿತೀನಿ. ಒಂದು ಸಿಎನ್‌ಸಿ ಮಶೀನಿನ ಪ್ಯಾನೆಲ್‌ನಾಗ ಮೇಜಿನ ಮ್ಯಾಲಿನ ಕಂಪ್ಯೂಟರಿನ ದರ್ಜೆಯ ಚಿಪ್ ಇದ್ದ ಪೆಟ್ಟಿಗಿ ಕೂಡಿಸಿದ್ವಿ. ಡಿಸೆಂಬರಿನಾಗ ಬಾಣದಂಗ ಓಡ್ತಿತ್ತು. ಬ್ಯಾಸಗಿ ಬಂದ ಕೂಡ್ಲೆ ರೀಡಿಂಗ್ ತಡಾ ಆಗಿ ಬರಾಕ ಹತ್ತಿದವು. ನೆಟ್‌ವರ್ಕ್ ಕೆಟ್ಟೈತಿ ಅಂದು ಎರಡು ದಿವಸ ಕೇಬಲ್ ಬದಲಿ ಮಾಡಿದ್ವಿ. ಕಡೀಕ ನೋಡಿದ್ರ ಪ್ರೊಸೆಸರ್ ಕಾವು ತಡಿಲಾರದ ತನ್ನ ವೇಗ ತಾನ ಇಳಿಸಿಕೊಂಡು ಕುಂತಿತ್ತು.

ಲೆಕ್ಕ ಭಾಳ ಸರಳ ಐತಿ. ಬಣ್ಣ ಬಳದ ತಗಡಿನ ಮುಚ್ಚಿದ ಪ್ಯಾನೆಲ್, ಒಳಗ ಹೊರಗ ಒಂದು ಡಿಗ್ರಿ ಫರಕು ಇದ್ರ, ಒಂದು ಚದರ ಮೀಟರಿನಿಂದ ಸುಮಾರು 5.5 ವ್ಯಾಟ್ ಶಾಖಾ ಹೊರಗ ಬಿಡ್ತೈತಿ. ನಮ್ಮ ಪ್ಯಾನೆಲ್ ಗ್ವಾಡಿಗೆ ಹತ್ತಿದ ಬಾಜೂ ಬಿಟ್ಟು ಮುಕ್ಕಾಲು ಚದರ ಮೀಟರ್ ಬರತಿತ್ತು. ಅಂದ್ರ ಒಳಗ 65 ವ್ಯಾಟ್ ಉರಿದ್ರ 16 ಡಿಗ್ರಿ ಏರತೈತಿ. ತಗಡಿನ ಶೆಡ್ಡಿನಾಗ ಹೊರಗ 42 ಇದ್ರ ಒಳಗ 58. ಅಷ್ಟಕ್ಕ ಮುಗಿಯಂಗಿಲ್ಲ. ಐ7-12700 ತಗೊಂಡ್ರ ಅದರ ಮೂಲ ವ್ಯಾಟ್ 65 ಅಂತ ಬರದಿರತೈತಿ, ಟರ್ಬೋ (ಸ್ವಲ್ಪ ಹೊತ್ತಿನ ಹೆಚ್ಚಿನ ವೇಗ) ಏರಿದಾಗ 180ರ ತನಕ ಎಳೀಬಹುದು. ಅದನ್ನ ಈ ಲೆಕ್ಕಕ್ಕ ಹಾಕಿ ನೋಡು, 44 ಡಿಗ್ರಿ ಏರಿಕಿ. ಮುಚ್ಚಿದ ಪೆಟ್ಟಿಗಿಯೊಳಗ ಆ ಟರ್ಬೋ ನಿನಗ ಸಿಗಂಗ ಇಲ್ಲ. ಸಿಗಲಾರದ್ದಕ್ಕ ರೊಕ್ಕಾ ಯಾಕ ಕೊಡ್ತಿ? ಅದ 12 ವ್ಯಾಟಿನ ಚಿಪ್ ಹಾಕಿ, ಡಿಸ್ಕ್ ಪಿಸ್ಕ್ ಎಲ್ಲಾ ಹಿಡದು 25 ವ್ಯಾಟ್ ಆದ್ರ ಏರೂದು ಆರ ಡಿಗ್ರಿ.

ಈಗ ಒಂದೊಂದು ಮಶೀನಿಗೆ ನಾಲ್ಕು ಕೋರಿನ, ಇಂಟೆಲ್ಲಿನ ಕಡಿಮಿ ವ್ಯಾಟಿನ ಚಿಪ್ ಆಟಮ್ ಎಕ್ಸ್6425ಇ ಹಾಕೀವಿ, 12 ವ್ಯಾಟ್. ಎಲ್ಲಾ ಮಶೀನಿನ ಮಾಹಿತಿ ಕೂಡೋ ಖೋಲ್ಯಾಗ ಮಾತ್ರ ಝಿಯಾನ್ ಡಿ-1700 ಸಾಲಿಂದು ಐತಿ. ಆ ಸಾಲು 2022ರಾಗ ಬಂದದ್ದು, ಹತ್ತು ಕೋರ್ ತನಕ ಸಿಗತೈತಿ. ಚಿಪ್ ಬೋರ್ಡಿಗೇ ಬೆಸುಗಿ ಆಗಿ ಬರತೈತಿ, ಅಲುಗಾಟಕ್ಕ ಸಾಕೆಟ್ ಸಡಲ ಆಗೂ ಚಿಂತಿ ಇಲ್ಲ. ಝಿಯಾನ್ ಅಂದವ್ರು ಸುಳ್ಳು ಹೇಳಿಲ್ಲ, ಆದ್ರ ನಿನ್ನ ಕೆಲಸಕ್ಕ ಅದು ಭಾಳ ಆತು.

ಗದಗಿನಿಂದ:

ಹುಬ್ಬಳ್ಳಿ ಅಣ್ಣಾರ ಲೆಕ್ಕ ಖರೆ ಐತ್ರಿ. ಅದರ ಜೋಡಿ ಇನ್ನೊಂದು ಮಾತು ಸೇರಿಸ್ತೀನಿ, ಇದನ್ನ ಅಂಗಡಿಯವ್ರು ಹೇಳಂಗಿಲ್ಲ. ನಾನು ಕಪ್ಪತಗುಡ್ಡದ ಕಡೆ ಗಾಳಿಯಂತ್ರದ ಮಾಹಿತಿ ಕೂಡಿಸೋ ಕೆಲಸ ಮಾಡ್ತೀನಿ. ಒಂದು ಸೈಟಿನಾಗ ತಿಂಗಳಿಗೆ ಒಮ್ಮೆಯೋ ಎರಡು ಸಲವೋ ಯಾವುದಾರ ಒಂದು ಅಂಕಿ ಅಡ್ಡಾದಿಡ್ಡಿ ಬರತಿತ್ತು. ಸೆನ್ಸರ್ ಬದಲಿ ಮಾಡಿದ್ವಿ, ಸಾಫ್ಟ್‌ವೇರ್ ಬರದ ಹುಡುಗನ್ನ ಬೈದ್ವಿ. ನಾಲ್ಕು ತಿಂಗಳಾದ ಮ್ಯಾಲ ರಾತ್ರಿ ಪೂರಾ ಮೆಮೊರಿ ಪರೀಕ್ಷಾ ಓಡಿಸಿದಾಗ ರ್‍ಯಾಮ್ ತಪ್ಪು ಮಾಡೋದು ಕಂಡಿತು. ಆ ಹುಡುಗನ ಮುಂದ ಹೋಗಿ ತಪ್ಪಾತಪ್ಪಾ ಅಂದೆ.

ಇಸಿಸಿ (ಮೆಮೊರಿಯ ತಪ್ಪು ಹಿಡದು ಸರಿ ಮಾಡೋ ವ್ಯವಸ್ಥಾ) ಇದ್ರ ಒಂದು ಬಿಟ್ (0 ಇಲ್ಲಾ 1) ತಿರುಗಿದ್ದನ್ನ ಅದ ಸರಿ ಮಾಡ್ತೈತಿ. ಎರಡು ಬಿಟ್ ತಿರುಗಿದ್ರ ಸರಿ ಮಾಡಾಕ ಬರಂಗಿಲ್ಲ, ಆದ್ರ ತಪ್ಪಾಗೇತಿ ಅಂತ ಹೇಳ್ತೈತಿ. ನಿಮ್ಮ ವೇಬ್ರಿಡ್ಜ್ ವಿಚಾರ ಮಾಡ್ರಿ. 4,210 ಕಿಲೋ ಅಂತ ಬಂದ ತೂಕದಾಗ ಒಂದ ಒಂದು ಬಿಟ್ ತಿರುಗಿದ್ರ 5,234 ಆಗಬಹುದು. ತೂಕ ಅಂದ್ರ ರೈತನ ವರ್ಷದ ದುಡಿಮಿರಿ, ಅದರಾಗ ಅನುಮಾನಕ್ಕ ಜಾಗಾ ಇರಬಾರದು.

ಆಟಮ್ ಎಕ್ಸ್6000ಇ ಸಾಲಿನಾಗ ಇನ್-ಬ್ಯಾಂಡ್ ಇಸಿಸಿ ಅಂತ ಐತಿ. ಸಾದಾ ರ್‍ಯಾಮಿನಾಗ ಸ್ವಲ್ಪ ಭಾಗ ತಪಾಸಣಿ ಸಂಕೇತಕ್ಕ ಅಂತ ತಗದು ಇಡ್ತೈತಿ. ವೇಗ ಒಂದೀಟು ಕಡಿಮಿ ಆಗತೈತಿ, ನಿಮ್ಮ ಕೆಲಸಕ್ಕ ಅದು ಗೊತ್ತೂ ಆಗಂಗಿಲ್ಲ. ಆದ್ರ ಬಯೋಸ್‌ನಾಗ (ಬೋರ್ಡಿನ ಮೂಲ ಸಾಫ್ಟ್‌ವೇರಿನಾಗ) ಅದು ಚಾಲೂ ಐತೋ ಇಲ್ಲೋ ತಗೊಳ್ಳೂ ಮುಂದ ಕೇಳ್ರಿ, ಚಿಪ್ಪಿನಾಗ ಇದ್ದದ್ದು ಬೋರ್ಡಿನಾಗ ಇರತೈತಿ ಅಂತ ನಂಬಬ್ಯಾಡ್ರಿ. ಮತ್ತ 9ರಿಂದ 36 ವೋಲ್ಟ್ ಡಿಸಿ ತಗೊಳ್ಳೂ ಪೆಟ್ಟಿಗಿ ನೋಡ್ರಿ. 24 ವೋಲ್ಟ್ ಬ್ಯಾಟರಿಗೆ ನೇರ ಹಚ್ಚಿದ್ರ, ಕರೆಂಟ್ ಹೋಗಿ ಜನರೇಟರ್ ಹತ್ತೂತನಕ ಏನೂ ಅಲುಗಾಡಂಗಿಲ್ಲ.

ಧಾರವಾಡದಿಂದ:

ಕ್ಯಾಮೆರಾ ಬಗ್ಗೆ ಯಾರೂ ಮಾತಾಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ನಮ್ಮ ಲ್ಯಾಬಿನಲ್ಲಿ ಇಂಥ ಪೆಟ್ಟಿಗೆಗಳು ಆರೇಳು ಇವೆ. ಎಂಟು ಕ್ಯಾಮೆರಾದ ವಿಡಿಯೋ ಬರೀ ಉಳಿಸಿಡುವುದಾದರೆ ಪ್ರೊಸೆಸರಿಗೆ ಹೆಚ್ಚು ಕೆಲಸವೇ ಇಲ್ಲ. ಕ್ಯಾಮೆರಾವೇ ವಿಡಿಯೋ ಕುಗ್ಗಿಸಿ ಕಳಿಸುತ್ತದೆ, ಸರ್ವರ್ ಅದನ್ನು ಡಿಸ್ಕಿಗೆ ಬರೆಯುತ್ತದೆ ಅಷ್ಟೇ. ತೂಕದ ಲೆಕ್ಕ ಒಂದು ಡಿಸ್ಕಿನಲ್ಲಿ, ವಿಡಿಯೋ ಇನ್ನೊಂದರಲ್ಲಿ ಇರಲಿ.

ಆದರೆ ಮುಂದೆ ಲಾರಿ ನಂಬರ್ ಓದಿಸಬೇಕು, ಕಾಯಿಯ ಆಕಾರ ನೋಡಿ ಡಬ್ಬಿ (ಗಿಡ್ಡ, ದಪ್ಪ), ಕಡ್ಡಿ (ಉದ್ದ, ಸಪೂರ) ಬೇರೆ ಮಾಡಿಸಬೇಕು ಅಂದರೆ ಮಾತು ಬೇರೆ. ಆ ಕೆಲಸವನ್ನು ಸರ್ವರಿನ ಪ್ರೊಸೆಸರ್ ಮೇಲೆ ಹೇರಬೇಡಿ. ಎನ್ವಿಡಿಯಾದ ಜೆಟ್ಸನ್ ಒರಿನ್ ನ್ಯಾನೋ ಥರದ ಸಣ್ಣ ಎಐ ಕಂಪ್ಯೂಟರನ್ನು ಪಕ್ಕದಲ್ಲಿ ಬೇರೆಯಾಗಿ ಇಡಿ. ಅದರಲ್ಲಿ ಆರು ಆರ್ಮ್ ಕೋರ್, 8 ಜಿಬಿ ಮೆಮೊರಿ. ಮೊದಲು 7ರಿಂದ 15 ವ್ಯಾಟಿನಲ್ಲಿ ಓಡುತ್ತಿತ್ತು, 2024ರ ಡಿಸೆಂಬರಿನಲ್ಲಿ ಬಂದ ಬದಲಾವಣೆಯಿಂದ 25 ವ್ಯಾಟ್‌ವರೆಗೆ ಹೋಗಿ ಸೆಕೆಂಡಿಗೆ 67 ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು. ಆ 8 ಜಿಬಿಯನ್ನು ಸಿಪಿಯು (ಪ್ರೊಸೆಸರ್), ಜಿಪಿಯು (ಚಿತ್ರದ ಲೆಕ್ಕ ಮಾಡುವ ಭಾಗ) ಎರಡೂ ಹಂಚಿಕೊಳ್ಳುತ್ತವೆ ಅನ್ನುವುದು ನೆನಪಿರಲಿ, ನಮ್ಮ ಹುಡುಗರು ಪ್ರತಿ ವರ್ಷ ಮರೆಯುವುದು ಇದನ್ನೇ. ಬೇರೆಯಾಗಿ ಇಟ್ಟರೆ ದೊಡ್ಡ ಲಾಭವೊಂದಿದೆ: ಅದು ನಿಂತರೂ ತೂಕ ನಿಲ್ಲುವುದಿಲ್ಲ.

ರಾಣೆಬೆನ್ನೂರಿನಿಂದ:

ನಮ್ಮ ಬೀಜದ ಗೋಡೌನಿನಾಗ ಇಂಟೆಲ್ ಎನ್100 ಚಿಪ್ಪಿನ ಪೆಟ್ಟಿಗಿ ಒಂದೂವರಿ ವರ್ಷದಿಂದ ನಡದೈತ್ರಿ. 6 ವ್ಯಾಟ್, ನಾಲ್ಕು ಕೋರ್, ಫ್ಯಾನ್ ಇಲ್ಲ. ಇಸಿಸಿ ಇಲ್ಲ ಅನ್ನೂದು ಖರೆ. ಆದ್ರ ನಾವು ಬರೀ ಉಷ್ಣತೆ ಬರಕೋತೀವಿ, ಒಂದು ಅಂಕಿ ತಪ್ಪಿದ್ರ ಮುಂದಿನ ನಿಮಿಷದಾಗ ಸರಿ ಬರತೈತಿ. ತೂಕಕ್ಕ ಮಾತ್ರ ಗದಗಿನವ್ರು ಹೇಳಿದ್ದನ್ನ ಕೇಳ್ರಿ.

ಮತ್ತ ಏನ ತಗೋರಿ, ಎಷ್ಟು ವರ್ಷ ಅದ ಚಿಪ್ ಸಿಗತೈತಿ ಅಂತ ವಿಚಾರಿಸ್ರಿ. ಕಾರ್ಖಾನಿ ಬಳಕಿಗೆ ಅಂತ ಮಾಡಿದ ಚಿಪ್ಪಿಗೆ ಆ ಮಾತು ಮೊದಲ ಕೊಟ್ಟಿರ್ತಾರ. 2018ರಾಗ ಬಂದ ಎಎಂಡಿ ಕಂಪನಿಯ ಎಪಿಕ್ ಎಂಬೆಡೆಡ್ 3000 ಚಿಪ್ಪಿಗೆ ಹತ್ತು ವರ್ಷದ ತನಕ ಪೂರೈಕಿ ಅಂದಿದ್ರು. ನಾಳೆ ಒಂದು ಕೆಟ್ರ ಅಂಥಾದ್ದ ಇನ್ನೊಂದು ತಂದು ಡಿಸ್ಕ್ ಬದಲಿ ಮಾಡಿ ಚಾಲೂ ಮಾಡಬಹುದು.

ಬ್ಯಾಡಗಿಯಿಂದ ಮತ್ತ:

ಎಲ್ಲಾರೂ ಇಷ್ಟು ಬಿಡಿಸಿ ಹೇಳಿದ್ರಿ, ಭಾಳ ಉಪಕಾರ ಆತ್ರಿ. ಇವತ್ತ ಥರ್ಮಾಮೀಟರ್ ಹಿಡಕೊಂಡು ಹೋಗಿದ್ದೆ. ವೇಬ್ರಿಡ್ಜ್ ಖೋಲ್ಯಾಗ ಮಧ್ಯಾಹ್ನ 39 ಇತ್ತು, ಚೇಂಬರಿನ ಹೊರಗಿನ ಪ್ಯಾಸೇಜಿನಾಗ 27. ಪ್ಯಾಸೇಜಿನಾಗ ಬಾಗಿಲಾ ತಗದಾಗ ತಂಪು ಗಾಳಿ ಬಂದು ತಗಡಿನ ಮ್ಯಾಲ ನೀರು ಕೂಡತೈತಿ, ಅದಕ್ಕ ಅಲ್ಲಿ ಬ್ಯಾಡ ಅನಸ್ತು. 39ರ ಲೆಕ್ಕ ಹಿಡದು, ಇನ್-ಬ್ಯಾಂಡ್ ಇಸಿಸಿ ಚಾಲೂ ಇದ್ದ ಎಕ್ಸ್6425ಇ ಪೆಟ್ಟಿಗಿ ಎರಡು ಕೇಳೀನಿ: ಒಂದು ಓಡಾಕ, ಒಂದು ಕಪಾಟಿನಾಗ. ಗದಗಿನ ಅಣ್ಣಾರ, ಬ್ಯಾಟರಿಯಿಂದ ಪೆಟ್ಟಿಗಿಗೆ ಎಷ್ಟು ಆಂಪಿಯರ್ ಫ್ಯೂಜ್ ಹಾಕೀರಿ ಅನ್ನೂದೊಂದು ಹೇಳಿಬಿಡ್ರಿ.

ಗದಗಿನಿಂದ:

24 ವೋಲ್ಟಿಗೆ 25 ವ್ಯಾಟ್ ಅಂದ್ರ ಒಂದು ಆಂಪಿಯರ್ ಚಿಲ್ಲರ ಆಗತೈತಿ. ಚಾಲೂ ಆಗೂ ಮುಂದ ಸ್ವಲ್ಪ ಹೆಚ್ಚಿಗಿ ಎಳೀತೈತಿ, ನಾನು 3 ಆಂಪಿಯರಿಂದು ಹಾಕೀನ್ರಿ. ಬ್ಯಾಟರಿ ಟರ್ಮಿನಲ್ಲಿಗೆ ಹತ್ತರ ಹಾಕ್ರಿ, ಪೆಟ್ಟಿಗಿ ಕಡೆ ಅಲ್ಲ.