ನಾಲ್ಕು ಪುಟ, ಒಂದು ಕಿರುಬೆರಳು

ಗುಂಪು: ಲಾಸ್ಟ್ ಬೆಂಚ್ 1999

ಪ್ರಭು: [4 ಚಿತ್ರಗಳು]

ಪ್ರಭು: ಯಾರೋ ಫಾರ್ವರ್ಡ್ ಮಾಡಿದ್ರು. ಯಾಕೂಜಾ ಮಾಂಗಾ ಅಂತೆ, ಅಂದ್ರೆ ಜಪಾನಿನ ಗ್ಯಾಂಗಿನವರ ಕಾಮಿಕ್ಸು. ಗ್ಯಾಂಗ್ ಬಿಟ್ಟು ಬಂದೋನು ಸೂಪರ್‌ಮಾರ್ಕೆಟ್ಟಲ್ಲಿ ಬಿಲ್ ಹಾಕ್ತಾನೆ, ಮೊಬೈಲ್ ತಗೊಳಕ್ಕೆ ಹೋಗ್ತಾನೆ, ಆಮೇಲೆ ಒಬ್ಬನಿಗೆ ಬ್ಯಾಟಲ್ಲಿ ಬಾರಿಸಿದ್ರೆ ಅವ್ನು ಮೂರು ಗೋಡೆ ಒಡ್ಕೊಂಡು ಆಚೆ ಬೀಳ್ತಾನೆ 😂 ನಮ್ಮ ಮಚ್ಚು ಲಾಂಗು ಸಿನಿಮಾನೇ ವಾಸಿ.

ಬಸು: ಮೂರಲ್ಲಲೇ, ನಾಕು. ಕಡೀ ಗ್ವಾಡಿ ಮೀನಿನ ಅಂಗಡೀದು. ಎಣಿಸಿ ನೋಡು.

ನಾಗರಾಜ: ಗೋಡೆ ಹಾಳಾಗಲಿ ಬಿಡ್ರೋ. ನನಗೆ ನಗು ಬಂದಿದ್ದು 2ನೇ ಪುಟಕ್ಕೆ. ಗ್ಯಾಂಗ್ ಬಿಟ್ಟು ಎಂಟು ತಿಂಗಳಾಯ್ತು ಅಂತ 1ನೇ ಪುಟದಲ್ಲಿ ಅವನೇ ಹೇಳ್ತಾನೆ. ಇಲ್ಲಿ ಅಂಗಡಿ ಹುಡುಗಿ ಫಾರ್ಮ್ ಇಟ್ಟು, ಕೈಗೆ ಫೋನ್ ಕೊಟ್ಟು, ತಲೆ ಬಾಗಿಸ್ತಾಳೆ. ನಾಲ್ಕು ಗೋಡೆಗಿಂತ ಇದೇ ದೊಡ್ಡ ಬುರುಡೆ. ಜಪಾನಲ್ಲಿ ಗ್ಯಾಂಗ್ ಬಿಟ್ಟವನು ಮುಂದಿನ ಐದು ವರ್ಷ ಗ್ಯಾಂಗಿನವನೇ ಅಂತ ಲೆಕ್ಕ. ಅಷ್ಟು ದಿನ ಬ್ಯಾಂಕ್ ಖಾತೆ ಇಲ್ಲ, ಮೊಬೈಲ್ ಇಲ್ಲ, ಅವನ ಹೆಸರಿಗೆ ಬಾಡಿಗೆ ಮನೆ ಇಲ್ಲ, ವಿಮೆ ಇಲ್ಲ.

ಪ್ರಭು: ಅಂಗಡಿ ಹುಡುಗಿಗೆ ಇವ್ನು ಯಾರು ಅಂತ ಹೇಗೋ ಗೊತ್ತಾಗುತ್ತೆ? ಹಣೆ ಮೇಲೆ ಬರ್ಕೊಂಡಿದಾನಾ?

ನಾಗರಾಜ: ಅವಳಿಗೆ ಗೊತ್ತಾಗೋದೇ ಬೇಡ. ಫಾರ್ಮಲ್ಲೇ ಒಂದು ಚೌಕ ಇರುತ್ತೆ. ‘ನಾನು ಈಗ ಗ್ಯಾಂಗ್ ಸದಸ್ಯ ಅಲ್ಲ, ಕಳೆದ ಐದು ವರ್ಷದಲ್ಲೂ ಆಗಿರಲಿಲ್ಲ’ ಅನ್ನೋ ಅರ್ಥದ್ದು. ಟಿಕ್ ಹಾಕಿದ್ರೆ ಸುಳ್ಳು ಹೇಳಿದ ಹಾಗೆ, ಹಾಕದೇ ಇದ್ರೆ ಫೋನ್ ಇಲ್ಲ.

ಬಸು: ಗ್ಯಾಂಗ್ ಬಿಟ್ಟಾಂವಗ ಈ ಶಿಕ್ಷೆ ಯಾವ ಕಾಯ್ದೆದಾಗ ಬರದಾರಪಾ?

ಶೈಲಾ: ಅಲ್ಲೇ ಇರೋದು ಮಜಾ. ನೇರವಾಗಿ ಯಾವ ಕಾಯ್ದೆಯೂ ‘ಇವನಿಗೆ ಫೋನ್ ಕೊಡಬೇಡಿ’ ಅನ್ನಲ್ಲ. 1992ರ ಮಾರ್ಚಲ್ಲಿ ಜಾರಿಗೆ ಬಂದ ಕಾಯ್ದೆ ಗ್ಯಾಂಗುಗಳನ್ನ ಹೆಸರು ಹಿಡಿದು ಗುರುತಿಸೋಕೆ ದಾರಿ ಮಾಡ್ತು, ಆದ್ರೆ ಗ್ಯಾಂಗ್ ಇರೋದನ್ನೇ ನಿಷೇಧಿಸಲಿಲ್ಲ. ಆಮೇಲೆ ಬಂದಿದ್ದು ಪ್ರಾಂತ್ಯಗಳ ನಿಯಮ. 2010ರಲ್ಲಿ ಫುಕುಓಕಾ ಶುರು ಮಾಡ್ತು. 2011ರ ಅಕ್ಟೋಬರ್ 1ಕ್ಕೆ ಟೋಕಿಯೊ, ಒಕಿನಾವಾ ಸೇರ್ಕೊಂಡು 47 ಪ್ರಾಂತ್ಯಾನೂ ಮುಗೀತು. ಅವು ಕಟ್ಟಿಹಾಕೋದು ಗ್ಯಾಂಗನ್ನಲ್ಲ, ಅವರ ಜೊತೆ ವ್ಯವಹಾರ ಮಾಡೋ ಅಂಗಡಿಯವನನ್ನ. ಒಪ್ಪಂದದಲ್ಲಿ ಹೀಗೊಂದು ಷರತ್ತು ಹಾಕ್ಕೊಳ್ಳಿ ಅಂತ. ಐದು ವರ್ಷ ಬರೋದು ಆ ಷರತ್ತಿನಲ್ಲಿ.

ಪ್ರಭು: ಅಂದ್ರೆ ನಮ್ಮ ರೌಡಿಶೀಟ್ ಥರಾನೇ.

ಶೈಲಾ: ಅಲ್ಲ ಕಣೋ. ರೌಡಿಶೀಟ್ ತೆಗೆಯೋರೂ ಪೊಲೀಸರೇ, ಮುಚ್ಚೋರೂ ಪೊಲೀಸರೇ. ಅರ್ಜಿ ಕೊಡೋಕೆ ಒಂದು ಬಾಗಿಲಾದ್ರೂ ಇದೆ. ಅಲ್ಲಿ ಬಾಗಿಲು ಹಾಕಿರೋದು ಬ್ಯಾಂಕು, ಮನೆ ಏಜೆಂಟು, ಮೊಬೈಲ್ ಕಂಪನಿ, ಒಬ್ಬೊಬ್ಬರೂ ಬೇರೆಬೇರೆಯಾಗಿ. ಯಾರ ಮೇಲೆ ಅಂತ ಕೇಸ್ ಹಾಕ್ತೀಯ?

ನಾಗರಾಜ: ಒಂದು ತಪ್ಪಿದ್ರೆ ಉಳಿದಿದ್ದೂ ತಪ್ಪುತ್ತೆ. ಖಾತೆ ಇಲ್ಲ ಅಂದ್ರೆ ಸಂಬಳ ಹಾಕೋಕಾಗಲ್ಲ. ಫೋನ್ ನಂಬರ್ ಇಲ್ಲ ಅಂದ್ರೆ ಕೆಲಸದ ಅರ್ಜಿನೇ ಮುಂದೆ ಹೋಗಲ್ಲ. ವಿಳಾಸ ಇಲ್ಲ ಅಂದ್ರೆ ಎರಡೂ ಇಲ್ಲ. ಅದಕ್ಕೇ 2022ರ ಫೆಬ್ರವರೀಲಿ ರಾಷ್ಟ್ರೀಯ ಪೊಲೀಸ್ ಸಂಸ್ಥೆನೇ ಸುತ್ತೋಲೆ ಕಳಿಸ್ಬೇಕಾಯ್ತು: ಕೆಲಸ ಕೊಡೋ ಮಾಲೀಕ ಜೊತೆಗಿದ್ರೆ ಸಂಬಳದ ಖಾತೆ ತೆಗೆಯೋಕೆ ನೆರವಾಗಿ ಅಂತ. ಆದ್ರೂ ಕೊನೆಗೆ ಹೂಂ ಅನ್ನೋದು ಉಹೂಂ ಅನ್ನೋದು ಬ್ಯಾಂಕೇ.

ಬಸು: ಟಿಕ್ ಹಾಕಿಬಿಟ್ರ ಏನಾಕ್ಕತಿ? ಯಾರು ನೋಡ್ತಾರ?

ಶೈಲಾ: ಮೋಸದ ಕೇಸ್ ಆಗುತ್ತೆ. ಗ್ಯಾಂಗಲ್ಲಿದ್ದವನು ಅದನ್ನ ಮುಚ್ಚಿಟ್ಟು ಖಾತೆ ತೆಗೆದಿದ್ದಕ್ಕೆ 2014ರ ಏಪ್ರಿಲಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ವಂಚನೆ ಅಂತ ಎತ್ತಿಹಿಡೀತು. ಅದಕ್ಕೆ ಹತ್ತು ದಿನ ಮುಂಚೆ ಇನ್ನೂ ಚೆನ್ನಾಗಿರೋ ಎರಡು ತೀರ್ಪು, ಎರಡೂ ಒಂದೇ ದಿನ. ಎರಡರಲ್ಲೂ ಗ್ಯಾಂಗಿನವರು ಹೋಗಿ ಗಾಲ್ಫ್ ಆಡಿದ್ದೇ ಅಪರಾಧ. ನಾಗಾನೊ ಕಡೆಯ ಕೇಸಲ್ಲಿ ವಂಚನೆ ಹೌದು ಅಂದ್ರು. ಮಿಯಾಝಾಕಿ ಕೇಸಲ್ಲಿ ಅಲ್ಲ ಅಂದ್ರು. ಯಾಕಂದ್ರೆ ಅಲ್ಲಿ ಬಾಗಿಲಲ್ಲಿ ಬೋರ್ಡ್ ಹಾಕಿದ್ರೇ ಹೊರತು ರಿಸೆಪ್ಷನ್‌ನಲ್ಲಿ ‘ನೀನು ಗ್ಯಾಂಗಿನವನಾ’ ಅಂತ ಕೇಳಿರಲಿಲ್ಲ. ಹೆಸರು ವಿಳಾಸ ಬರೆದ್ರು, ಆಡಿದ್ರು. ಕೇಳದೇ ಇದ್ದಿದ್ದಕ್ಕೆ ಸುಳ್ಳು ಹೇಳಿದ ಹಾಗಾಗಲಿಲ್ಲ.

ಪ್ರಭು: ಗಾಲ್ಫ್ ಆಡಿದ್ದಕ್ಕೆ ಸುಪ್ರೀಂ ಕೋರ್ಟ್ 🙏

ನಾಗರಾಜ: ಅದಕ್ಕೇ ಈಗ ಎಲ್ಲಾ ಕಡೆ ಚೌಕ. ಅದಕ್ಕೇ ಹೇಳಿದ್ದು, ಈ ಮಾಂಗಾ ಬರೆದವನು ಒಂದು ದಿನವೂ ಆ ಕೌಂಟರ್ ಮುಂದೆ ಕೂತು ನೋಡಿಲ್ಲ.

ಬಸು: ಕೌಂಟರ್ ಇರ್ಲಿ, ಬೆರಳೂ ನೋಡಿಲ್ಲ ಅಂವ. ಗ್ಯಾಂಗಿನ್ಯಾಗ ತಪ್ಪು ಮಾಡಿದಾಂವ ಮೊದಲ ಕಡದು ಕೊಡೂದು ಎಡಗೈ ಕಿರುಬೆರಳಿನ ತುದಿ ಗೆಣ್ಣು. ಕತ್ತಿ ಎರಡೂ ಕೈಲೆ ಹಿಡಿಯೂವಾಗ ಹಿಡಿಕಿ ತುದಿಗೆ ಬರೂದು ಎಡಗೈ. ಬಿಗಿ ಇರೂದೆಲ್ಲಾ ಕಿರುಬೆರಳು, ಉಂಗುರ ಬೆರಳಿನ ಮ್ಯಾಲ. ಅದು ಹೋತಂದ್ರ ಕತ್ತಿ ಸಡ್ಲ, ಆಮ್ಯಾಲ ಯಜಮಾನನ ಆಸರಿಲ್ಲದ ಬದುಕು ಇಲ್ಲ. ಅದಕ್ಕ ಆ ಬೆರಳು. 1ನೇ ಪುಟದಾಗ ನೋಡ್ರಿ, ಬಲಗೈ ಬೆರಳು ಇಲ್ಲ! 3ನೇ ಪುಟದಾಗೂ ಬಲಗೈನ.

ಗಿರೀಶ: ಎಂತ ಮಾರಾಯ್ರೆ, ಒಂದು ಗಂಟೆಯಿಂದ ಜಗಳ ಆಡ್ತಾ ಇದ್ದೀರಿ, ಪುಟ ತಿರುಗಿದ್ದು ಒಬ್ಬನಿಗೂ ಕಾಣಲಿಲ್ವಾ?

ಬಸು: ಅಂದ್ರ?

ಗಿರೀಶ: 1, 3, 4ನೇ ಪುಟವನ್ನು ಯಾರೋ ಕನ್ನಡಿ ಮಾಡಿದ್ದಾರೆ. ಎಡ ಬಲ ಆಗಿದೆ, ಬಲ ಎಡ. ಮಾಂಗಾ ಬಲದಿಂದ ಎಡಕ್ಕೆ ಓದುವಂಥದ್ದು. ಹಿಂದೆಲ್ಲ ಇಂಗ್ಲಿಷಿಗೆ ತರುವಾಗ ಪೂರ್ತಿ ಪುಟವನ್ನೇ ಮಗುಚಿ ಅಚ್ಚು ಹಾಕ್ತಿದ್ರು, ಎಡದಿಂದ ಓದುವವರಿಗೆ ಸುಲಭ ಆಗ್ಲಿ ಅಂತ. ಅದೇ ಚಾಳಿ ಇದು. ಮಾತಿನ ಗುಳ್ಳೆಯ ಇಂಗ್ಲಿಷ್ ಆಮೇಲೆ ಕೂರಿಸಿದ್ದು, ಹಾಗಾಗಿ ಅದು ಮಾತ್ರ ಸರಿ ಉಂಟು.

ಬಸು: ಸಾಕ್ಷಿ?

ಗಿರೀಶ: 4ನೇ ಪುಟ ದೊಡ್ಡದು ಮಾಡಿ ನೋಡು. ಯಜಮಾನ ಕಿಮೋನೊ ಹಾಕಿದ್ದಾನೆ. ಬಲ ಮಗ್ಗುಲು ಎಡದ ಮೇಲೆ ಬಂದಿದೆ. ಹಾಗೆ ಸುತ್ತುವುದು ಹೆಣಕ್ಕೆ ಮಾತ್ರ. ಬದುಕಿದ್ದವನಿಗೆ ಎಡ ಮಗ್ಗುಲೇ ಮೇಲೆ. ಅವನ ಹಿಂದೆ ಕಾರು ಉಂಟಲ್ಲ, ಡ್ರೈವರ್ ಎಡಗಡೆ ಕೂತಿದ್ದಾನೆ. ಜಪಾನಿನಲ್ಲಿ ನಮ್ಮ ಹಾಗೆಯೇ ಸ್ಟೇರಿಂಗ್ ಬಲಕ್ಕೆ. ಇನ್ನೂ ಸಾಕಾಗದಿದ್ರೆ 1ನೇ ಪುಟದಲ್ಲಿ ಇವನ ಅಂಗಿ ಗುಂಡಿ ನೋಡು, ಹೆಂಗಸರ ಅಂಗಿಯ ಕಡೆಗೆ ಉಂಟು.

ಪ್ರಭು: ಯಪ್ಪಾ 😳

ಬಸು: ಹೌದಲೇ. ಗುಂಡಿ ಖರೇನ ಆ ಕಡೆ ಅದಾವ.

ನಾಗರಾಜ: ತಡಿ, 3ನೇ ಪುಟದಲ್ಲಿ ಮೀನಂಗಡಿ ಬೋರ್ಡ್ ಇದೆ. ನಾನು ಓದಿದೆ, ಸರಿಯಾಗೇ ಇತ್ತಲ್ಲ?

ಗಿರೀಶ: ಬೋರ್ಡಿನಲ್ಲಿ ಉಳಿದದ್ದು ಒಂದೇ ಅಕ್ಷರ, ಮೀನು. ಅದು ಎಡ ಬಲ ಹೆಚ್ಚುಕಮ್ಮಿ ಒಂದೇ ಥರ ಇರುವ ಅಕ್ಷರ. ಮೇಲಿನ ಸಣ್ಣ ಬಾಲ, ಕೆಳಗಿನ ನಾಲ್ಕು ಚುಕ್ಕೆಗಳ ಓರೆ, ಅಷ್ಟರಲ್ಲೇ ಗೊತ್ತಾಗಬೇಕು.

ನಾಗರಾಜ: ಥೂ. ಚುಕ್ಕೆ ಉಲ್ಟಾ ಓರೆ ಇವೆ. ಒಪ್ಕೊಂಡೆ. ಆದ್ರೆ 2ನೇ ಪುಟ ತಿರುಗಿಲ್ಲ. ಅಲ್ಲಿ ದರಪಟ್ಟಿ ಇದೆ, ಪೂರ್ತಿ ಓದೋಕಾಗುತ್ತೆ. ನನ್ನ ಮಾತು ನನ್ನ ಮಾತೇ.

ಗಿರೀಶ: ಸರಿಯಾಗಿ ಹೇಳಿದೆ, 2ನೇ ಪುಟ ತಿರುಗಿಲ್ಲ. ಮತ್ತೆ ನೀನು ಅದನ್ನು ಯಾವ ಕಡೆಯಿಂದ ಓದಿದೆ?

ನಾಗರಾಜ: …

ಗಿರೀಶ: ಉಳಿದ ಮೂರನ್ನು ಎಡದಿಂದ ಓದಿ ಅಭ್ಯಾಸ ಆಗಿ ಇದನ್ನೂ ಎಡದಿಂದಲೇ ಓದಿದ್ದೀಯ. ಮೂರು ಸಾಲು, ಸಾಲಿಗೆ ಎರಡು ಚಿತ್ರದ ಚೌಕ. ಬಲದಿಂದ ಓದು ಈಗ. ಮೊದಲು ಹುಡುಗಿ ಫೋನನ್ನು ‘ನೋಡಿ’ ಅಂತ ಕೈಗೆ ಕೊಟ್ಟು ತಲೆ ಬಾಗಿಸ್ತಾಳೆ. ಆಮೇಲೆ ಫಾರ್ಮ್ ಇಡ್ತಾಳೆ. ಮೂರನೆಯದು ಪೆನ್ನು ಮಾತ್ರ, ಫಾರ್ಮಿನ ಟಿಕ್ ಹಾಕುವ ಚೌಕದ ಮೇಲೆ ನಿಂತದ್ದು. ನಾಲ್ಕನೆಯದು ಮಣಿಕಟ್ಟಿನ ತನಕ ಬಂದ ಅಂಗಿಯ ಉದ್ದ ತೋಳು, ಒಂದು ಬೆವರ ಹನಿ. ಐದನೆಯದು ಮೇಜಿನ ಮೇಲೆ ಫೋನ್. ಕೊನೆಗೆ ಬಾಗಿಲು.

ಪ್ರಭು: ಓಹ್. ಫೋನ್ ಕೊಟ್ಟೇ ಇಲ್ಲ!

ನಾಗರಾಜ: ಕೊನೇಲಿ ಮೇಜಿನ ಮೇಲೆ ಫೋನ್ ನೋಡಿ ಅವನ ಮನೆ ಮೇಜು ಅಂದ್ಕೊಂಡಿದ್ದೆ ಕಣೋ. ಕೌಂಟರ್ ಅದು. ವಾಪಸ್ ಇಟ್ಟು ಹೋಗಿದಾನೆ.

ಗಿರೀಶ: ಹೂಂ. ಬರೆದವನು ನಿನ್ನ ಚೌಕವನ್ನು ನಿನಗಿಂತ ಚೆನ್ನಾಗಿ ನೋಡಿದ್ದಾನೆ.

ಬಸು: ಆತಪಾ, ಕೌಂಟರ್ ಖರೇ, ಬೆರಳೂ ಖರೇ. ನಾಕು ಗ್ವಾಡಿ? ಎಡಗೈ ಕಿರುಬೆರಳು ಇಲ್ಲದಾಂವ ಬ್ಯಾಟ್ ಬೀಸಿದ್ರ ಮೊದಲ ಬ್ಯಾಟ ಹಾರಿ ಹೋಕ್ಕತಿ. ಬಲಗೈಯಾಂವ ಬ್ಯಾಟ್ ಹಿಡದ್ರ ಹಿಡಿಕಿ ತುದಿಗೆ ಬರೂದು ಅದ ಎಡಗೈ, ಕತ್ತಿ ಹಿಡದಂಗ.

ಗಿರೀಶ: 3ನೇ ಪುಟದ ಎರಡನೇ ಚೌಕ. ಕೈಯನ್ನೂ ಬ್ಯಾಟನ್ನೂ ಸೇರಿಸಿ ಟವೆಲ್ ಸುತ್ತಿ ಹಲ್ಲಿನಲ್ಲಿ ಗಂಟು ಎಳೀತಿದ್ದಾನೆ. ಸುಮ್ಮನೆ ಸ್ಟೈಲಿಗೆ ಅಂದುಕೊಂಡ್ಯಾ?

ಬಸು: …ಟವೆಲ್ ನಾ ನೋಡಿದ್ದಿಲ್ಲ.

ಗಿರೀಶ: ಗೋಡೆ ಮಾತ್ರ ಸುಳ್ಳೇ, ಬೇಕೆಂದೇ ಸುಳ್ಳು. ಅದು ಹೇಗೆ ಕೆಲಸ ಮಾಡ್ತದೆ ನೋಡು. ಮಾಂಗಾ ಮೂಲ ಹಾಳೆ ಬಿ4 ಅಳತೆ, ಅದರೊಳಗೆ ಚಿತ್ರದ ಚೌಕಟ್ಟು 180 ಗುಣಿಸು 270 ಮಿಲಿಮೀಟರ್. 2ನೇ ಪುಟದಲ್ಲಿ ಆರೂ ಚೌಕ ಒಂದೇ ಅಳತೆ, ಆ ಚೌಕಟ್ಟಿನೊಳಗೇ ಕೂತಿವೆ. ಹಿನ್ನೆಲೆ ಬಿಳಿ, ವೇಗದ ಗೆರೆ ಒಂದೂ ಇಲ್ಲ. 3ನೇ ಪುಟದಲ್ಲಿ ಚಿತ್ರ ಚೌಕಟ್ಟು ದಾಟಿ ಹಾಳೆಯ ಅಂಚಿನ ತನಕ ಹರಿದಿದೆ. ಗೆರೆಗಳೆಲ್ಲ ಒಂದೇ ಬಿಂದುವಿನಿಂದ ಹೊರಟಿವೆ, ಒತ್ತಿದರೆ ದಪ್ಪ, ಬಿಟ್ಟರೆ ಕೂದಲಿನಷ್ಟು ಸಣ್ಣ. ಮಸಿಯಲ್ಲಿ ಅದ್ದಿ ಬರೆಯುವ ಜಿ-ಪೆನ್ನಿನ ನಿಬ್ಬು ಹಾಗೆ ಬಿಚ್ಚಿಕೊಳ್ತದೆ. ರಕ್ತ ಕೆಂಪಲ್ಲ, ಪೂರಾ ಕಪ್ಪು ಮಸಿ ತುಂಬಿ ಮೇಲೆ ಬಿಳಿ ಹೊಳಪು. ಮತ್ತೆ ಒಂದು ವಿಷಯ: ಬ್ಯಾಟು ಮೈಗೆ ತಾಗುವ ಕ್ಷಣ ಬರೆದೇ ಇಲ್ಲ. ಬೀಸುವುದು ಉಂಟು, ಗೋಡೆ ಉಂಟು. ತಾಗಿದ್ದನ್ನು ಬರೆದರೆ ಪೆಟ್ಟಿಗೆ ಒಂದು ಅಳತೆ ಬಂದುಬಿಡ್ತದೆ.

ಶೈಲಾ: ಹಾಗಾದ್ರೆ ಪೆನ್ನು ನಿಂತ ಚೌಕಕ್ಕೂ ನಾಲ್ಕು ಗೋಡೆಗೂ ಸಂಬಂಧ ಇದೆ ಅಂತೀಯ.

ಗಿರೀಶ: ಅಲ್ಲಿ ಅವನು ಬಾಯಿ ಬಿಡ್ಲಿಲ್ಲ. ಆ ಸಿಟ್ಟು ಎಲ್ಲಿಗಾದ್ರೂ ಹೋಗ್ಬೇಕಲ್ಲ. ಗೋಡೆಗೆ ಹೋಯ್ತು.

ನಾಗರಾಜ: ಇದು ಚೆನ್ನಾಗಿ ಹೇಳ್ದೆ, ಆದ್ರೂ ನಾನು ಪೂರ್ತಿ ಸೋಲಲ್ಲ. ಸೂಪರ್‌ಮಾರ್ಕೆಟ್ ಕೆಲಸ ಎಲ್ಲಿಂದ ಬಂತು? ಖಾತೆ ಇಲ್ಲದವನಿಗೆ?

ಶೈಲಾ: ಅದು ನಿಜವಾಗ್ಲೂ ದುರ್ಬಲ ಜಾಗ. ಜೈಲು, ಬಾಲಾಪರಾಧಿ ಕೇಂದ್ರದಿಂದ ಹೊರಗೆ ಬಂದವರಿಗೆ ಕೆಲಸ ಕೊಡ್ತೀವಿ ಅಂತ ಹೆಸರು ಕೊಟ್ಟಿರೋ ಮಾಲೀಕರ ಪಟ್ಟಿ ಅಲ್ಲಿದೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ಕಟ್ಟಡ ಕೆಲಸದವರು. ಹದಿಹರೆಯದಲ್ಲಿ ಬೈಕ್ ಗ್ಯಾಂಗಲ್ಲಿದ್ದ ಹುಡುಗ್ರು ಆಮೇಲೆ ಸಾರುವೆ ಕಟ್ಟೋಕೆ ಹೋಗ್ತಾರೆ ಅನ್ನೋದು ಸುಮ್ಮನೆ ಕಥೆಯಲ್ಲಿ ಬಂದಿದ್ದಲ್ಲ. ಮೇಲೆ ಹತ್ತೋಕೆ ಧೈರ್ಯ ಬೇಕು, ಬೆಳಿಗ್ಗೆ ಬೇಗ ಬರ್ಬೇಕು, ಹಳೇದನ್ನ ಯಾರೂ ಕೆದಕಲ್ಲ. ಪೆರೋಲ್ ಮೇಲಿರೋರನ್ನ ಭೇಟಿಯಾಗಿ ಮಾತಾಡ್ಸೋರು ಬಹುಪಾಲು ಸಂಬಳ ಇಲ್ಲದ ಊರಿನ ಹಿರಿಯರು. 1950ರಿಂದ ಇರೋ ಕಾಯ್ದೆ ಅದು. ಈ ಕತೇಲಿ ಅಂಥವರು ಒಬ್ಬರೂ ಇಲ್ಲ.

ಪ್ರಭು: ಹೆಂಡ್ತಿ ದುಡಿದು ಇವ್ನು ಮನೇಲಿ ಅಡುಗೆ ಮಾಡೋ ಮಾಂಗಾ ಒಂದಿದೆಯಲ್ಲ, ಏಪ್ರನ್ ಹಾಕ್ಕೊಂಡು?

ಗಿರೀಶ: ಕೋಸುಕೆ ಓನೊ ಬರೆಯುವುದು, 2018ರಲ್ಲಿ ಶುರುವಾದದ್ದು. ಅಲ್ಲಿ ಪೆಟ್ಟೇ ಇಲ್ಲ, ಮುಖ ಮಾತ್ರ ಕೊಲೆಗಾರನದು, ಕೈಯಲ್ಲಿ ಸೊಪ್ಪಿನ ಚೀಲ.

ನಾಗರಾಜ: ಅದು ಲೆಕ್ಕಕ್ಕೆ ಸರಿ ಬರುತ್ತೆ ನೋಡು. ಮನೆ, ಖಾತೆ ಎಲ್ಲಾ ಹೆಂಡ್ತಿ ಹೆಸರಲ್ಲಿದ್ರೆ ಇವನು ಯಾವ ಚೌಕಕ್ಕೂ ಟಿಕ್ ಹಾಕೋದೇ ಬೇಡ 😄

ಬಸು: ಕಡೀ ಪ್ರಶ್ನೆ. 4ನೇ ಪುಟದಾಗ ಯಜಮಾನ ಬಂದು ‘ಮತ್ತ ಬಾ’ ಅಂತಾನ. ಹೊರಗ ಹಾಕಿದಾಂವ ತಾನ, ಕರಿಯಾಂವ ತಾನ. ಇದಂತೂ ಕತಿ ತೂತು.

ನಾಗರಾಜ: ತೂತಲ್ಲ. ಹಿಂದೆ ಗೋಡೆಗೆ ಅಂಟಿಸಿರೋ ಪತ್ರದ ಅಕ್ಷರ ಕಪ್ಪು. ಗ್ಯಾಂಗಿಂದ ಹೊರಗೆ ಹಾಕಿದ್ರೆ ಉಳಿದ ಗ್ಯಾಂಗುಗಳಿಗೆಲ್ಲ ಪತ್ರ ಹೋಗುತ್ತೆ. ಕಪ್ಪಲ್ಲಿ ಅಚ್ಚಾಗಿದ್ರೆ ಮುಂದೊಂದು ದಿನ ಕ್ಷಮಿಸಿ ಕರ್ಕೋಬಹುದು. ಕೆಂಪಲ್ಲಿದ್ರೆ ಮುಗೀತು, ಋಣ ಹರೀತು.

ಶೈಲಾ: ಅದಕ್ಕೇ ಐದು ವರ್ಷ ಕೂಡ. ಬಿಟ್ಟೆ ಅಂತ ಕಾಗದದಲ್ಲಿ ತೋರಿಸಿ ಒಳಗೇ ಇರೋರು ಇದಾರೆ ಅಂತ ಪೊಲೀಸರಿಗೆ ಅನುಮಾನ. ಕಪ್ಪು ಪತ್ರ ತೋರಿಸಿದ್ರೆ ಯಾರು ನಂಬ್ತಾರೆ?

ಪ್ರಭು: ಇನ್ನೂ ಎಷ್ಟು ಜನ ಉಳಿದಿದಾರೆ ಈ ಧಂದೇಲಿ?

ನಾಗರಾಜ: 1963ರಲ್ಲಿ ಸುಮಾರು 1,84,000. 2024ರ ಕೊನೆಗೆ 18,800, ಅರೆ ಸದಸ್ಯರೂ ಸೇರಿ. ಹೊಸ ಹುಡುಗರು ಯಜಮಾನನ ಕೈಕೆಳಗೆ ಬರಲ್ಲ. ಫೋನಲ್ಲಿ ‘ಒಂದು ರಾತ್ರಿ ಕೆಲಸ, ಕೈತುಂಬ ದುಡ್ಡು’ ಅನ್ನೋ ಜಾಹೀರಾತು ನೋಡಿ ದರೋಡೆಗೆ ಹೋಗ್ತಾರೆ. ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲ್ಲ.

ಬಸು: ಅವರಿಗೆ ಫೋನ್ ಸಿಗತೈತಿ, ಬಿಟ್ಟು ಬಂದಾಂವಗ ಇಲ್ಲ.

ಪ್ರಭು: ಅಂದಂಗೆ 5ನೇ ಪುಟಾನೂ ಬಂದಿದೆ. ಹಾಕ್ಲಾ?

ಗಿರೀಶ: ಮೊದಲು ಅಂಗಿ ಗುಂಡಿ ಯಾವ ಕಡೆ ಉಂಟು ನೋಡಿ ಹಾಕು.