ಪದಚರ್ಚೆ: ಸ್ನಿಪೆಟ್ ಎಂದರೆ ‘ತುಣುಕು’ ಸಾಕೇ? ಟಿಪ್ ಎಂದರೆ ‘ಸಲಹೆ’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿನಲ್ಲಿ ಕನ್ನಡ ಪಠ್ಯವನ್ನು ಸಂಸ್ಕರಿಸುವವರಿಗೆ ನೆರವಾಗುವ ಚಿಕ್ಕ ಬರಹಗಳ ಸಂಗ್ರಹವೊಂದನ್ನು ಕನ್ನಡದಲ್ಲಿಯೇ ಸಿದ್ಧಪಡಿಸುತ್ತಿದ್ದೇನೆ. ಇದರಲ್ಲಿ ಎರಡು ಬಗೆಯ ಸಾಮಗ್ರಿ ಇದೆ. ಒಂದು, ಎತ್ತಿಕೊಂಡು ಹಾಗೆಯೇ ಬಳಸಬಹುದಾದ ಕೆಲವೇ ಸಾಲುಗಳ ಪ್ರೋಗ್ರಾಮ್. ಇನ್ನೊಂದು, ಈ ಕೆಲಸದಲ್ಲಿ ಪಳಗಿದವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಉಪಯುಕ್ತ ಮಾತು. ಮೊದಲನೆಯದನ್ನು ಪ್ರೋಗ್ರಾಮರುಗಳು ಸ್ನಿಪೆಟ್ ಎನ್ನುತ್ತಾರೆ, ಎರಡನೆಯದನ್ನು ಟಿಪ್ ಎನ್ನುತ್ತಾರೆ. ಕನ್ನಡದಲ್ಲಿ ‘ಕೋಡ್ ತುಣುಕು’, ‘ಸಂಕೇತ ತುಣುಕು’, ‘ಸಲಹೆ’ ಎಂದು ಬರೆಯುವುದುಂಟು. ‘ಸಂಕೇತ’ ಮತ್ತು ‘ಸಲಹೆ’ ನನಗೆ ಒಪ್ಪಿಗೆಯಾಗುತ್ತಿಲ್ಲ. ‘ತುಣುಕು’ ಅರ್ಧ ಮಾತ್ರ ಒಪ್ಪಿಗೆ. ಏಕೆಂದು ಹೇಳುತ್ತೇನೆ.

ಪ್ರೋಗ್ರಾಮಿನ ಬರಹಕ್ಕೆ ‘ಆಕರ ಸಂಕೇತ’ ಎನ್ನುವವರಿದ್ದಾರೆ. ಯೂನಿಕೋಡ್ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಕೊಟ್ಟಿರುವ ಸಂಖ್ಯೆಯನ್ನೂ ಸಂಕೇತ ಎಂದೇ ಕರೆಯುತ್ತೇವೆ. ಬ್ಯಾಂಕಿನ ಲೆಕ್ಕಪತ್ರದ ತಂತ್ರಾಂಶ ಬರೆಯುವವರಿಗೆ ಈ ಎರಡು ಅರ್ಥಗಳು ಒಂದೇ ಪುಟದಲ್ಲಿ ಎದುರಾಗುವುದು ಅಪರೂಪ. ಕನ್ನಡ ಪಠ್ಯದ ಕೆಲಸದಲ್ಲಿ ಅವು ಒಂದೇ ವಾಕ್ಯದಲ್ಲಿ ಡಿಕ್ಕಿ ಹೊಡೆಯುತ್ತವೆ.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಎಷ್ಟು ಅಕ್ಷರ ಎಂದು ಶಾಲೆಯ ಮಕ್ಕಳನ್ನು ಕೇಳಿದರೆ ಮೂರು ಎನ್ನುತ್ತಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಪದದ ಉದ್ದ ಕೇಳಿದರೆ 5 ಎಂಬ ಉತ್ತರ ಬರುತ್ತದೆ: ಕ, ನ, ವಿರಾಮ ಚಿಹ್ನೆ (ವ್ಯಂಜನದೊಳಗಿನ ಅಕಾರವನ್ನು ತೆಗೆಯುವ ಗುರುತು), ನ, ಡ. ಈ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ರೂಪದಲ್ಲಿ ಉಳಿಸಿದರೆ 15 ಬೈಟ್‌ಗಳು, ಏಕೆಂದರೆ ಅಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ. ಓದುಗನ ಕಣ್ಣಿಗೆ ಕಾಣುವ ಘಟಕಗಳಾಗಿ ಪಠ್ಯವನ್ನು ಬಿಡಿಸಲು ಯೂನಿಕೋಡ್ ಹೇಳಿರುವ ಸಾಮಾನ್ಯ ನಿಯಮವನ್ನು ಅನ್ವಯಿಸಿದರೂ ಕ, ನ್, ನ, ಡ ಎಂದು ನಾಲ್ಕಾಗುತ್ತದೆ. ಒತ್ತಕ್ಷರ ತನ್ನ ಮೂಲಾಕ್ಷರದೊಡನೆ ಕೂಡುವುದಿಲ್ಲ. ಮೂರು ಬರಬೇಕಾದರೆ, ವಿರಾಮದ ಬೆನ್ನಿಗೇ ಬರುವ ವ್ಯಂಜನವನ್ನು ಹಿಂದಿನ ಅಕ್ಷರಕ್ಕೆ ಸೇರಿಸಿ ಎಣಿಸುವ ನಾಲ್ಕಾರು ಸಾಲುಗಳನ್ನು ನಾವೇ ಬರೆಯಬೇಕು. ಪದಬಂಧ ಕಟ್ಟುವವರಿಗೂ ಛಂದಸ್ಸಿನ ಮಾತ್ರೆ ಲೆಕ್ಕ ಹಾಕುವವರಿಗೂ ಈ ಸಾಲುಗಳಿಲ್ಲದೆ ಕೆಲಸ ಮುಂದೆ ಸಾಗದು. ಆ ಸಾಲುಗಳಿಗೆ ‘ಅಕ್ಷರ ಎಣಿಸುವ ಸಂಕೇತ ತುಣುಕು’ ಎಂದು ತಲೆಬರಹ ಕೊಟ್ಟರೆ, ಎಣಿಕೆಯಲ್ಲಿ ಸೇರಿಕೊಂಡ ಆ ವಿರಾಮ ಚಿಹ್ನೆಯೇ ತುಣುಕು ಎಂದು ಓದುಗ ತಿಳಿದಾನು. ಆದ್ದರಿಂದ ‘ಸಂಕೇತ’ವು ಅಕ್ಷರದ ಸಂಖ್ಯೆಗೆ ಮೀಸಲಾಗಲಿ, ಪ್ರೋಗ್ರಾಮಿನ ಬರಹ ‘ಕೋಡ್’ ಆಗಿಯೇ ಉಳಿಯಲಿ ಎಂಬುದು ನನ್ನ ನಿಲುವು. ವಿಭಕ್ತಿ ಹತ್ತಿದೊಡನೆ ‘ಕೋಡನ್ನು’, ‘ಕೋಡಿನ’ ಎಂದಾಗಿ ಎತ್ತಿನ ಕೋಡಿಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಅದನ್ನು ಸಂದರ್ಭ ನೋಡಿಕೊಳ್ಳುತ್ತದೆ.

ಇನ್ನು ‘ತುಣುಕು’. ದೊಡ್ಡದೊಂದು ವಸ್ತುವಿನಿಂದ ಮುರಿದು ಬಂದದ್ದು ಎಂಬ ಭಾವ ಈ ಪದದ ಹುಟ್ಟಿನಲ್ಲೇ ಇದೆ. ರೊಟ್ಟಿಯ ತುಣುಕು, ಬಟ್ಟೆಯ ತುಣುಕು, ಈಚಿನ ವಿಡಿಯೊ ತುಣುಕು, ಎಲ್ಲವೂ ಹೀಗೆಯೇ. ‘ನನ್ನ ಪ್ರೋಗ್ರಾಮಿನಲ್ಲಿ ಈ ಭಾಗ ಓಡುತ್ತಿಲ್ಲ, ನೋಡಿ’ ಎಂದು ನಡುವಿನ ಎಂಟು ಸಾಲುಗಳನ್ನು ಕತ್ತರಿಸಿ ತೋರಿಸಿದರೆ ಅದು ನಿಜವಾಗಿಯೂ ತುಣುಕು. ಮೂಲದಿಂದ ಬೇರೆಯಾದ ಮೇಲೆ ಅದಕ್ಕೆ ಸ್ವತಂತ್ರ ಬದುಕಿಲ್ಲ. ಮೇಲಿನ ಅಕ್ಷರ ಎಣಿಸುವ ಸಾಲುಗಳು ಹಾಗಲ್ಲ. ಅವು ಯಾವುದರಿಂದಲೂ ಮುರಿದು ಬಂದಿಲ್ಲ, ತಮ್ಮಷ್ಟಕ್ಕೆ ಪೂರ್ಣವಾಗಿವೆ, ಯಾರ ಪ್ರೋಗ್ರಾಮಿಗಾದರೂ ಸೇರಿಕೊಳ್ಳುತ್ತವೆ. ಇಂಗ್ಲಿಷಿನವರು ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ ಎಂದು ನಾವೂ ಹಾಗೆ ಮಾಡಬೇಕಾಗಿಲ್ಲ.

ಇಂಥ ವಸ್ತುವಿಗೆ ನಮ್ಮಲ್ಲಿ ‘ಬಿಡಿ’ ಎಂಬ ಒಳ್ಳೆಯ ಮಾತಿದೆ. ಬಿಡಿಪದ್ಯಕ್ಕೆ ಹಿಂದೊಂದು ಮುಂದೊಂದು ಪದ್ಯ ಬೇಕಿಲ್ಲ. ಬಿಡಿಭಾಗವು ಅಂಗಡಿಯಿಂದ ತಂದು ಯಂತ್ರಕ್ಕೆ ಜೋಡಿಸಲೆಂದೇ ತಯಾರಾದದ್ದು. ಹಾಗಾಗಿ ನನ್ನ ಸಂಗ್ರಹದಲ್ಲಿ ‘ಬಿಡಿಕೋಡ್’ ಎಂದು ಬರೆಯಲು ತೊಡಗಿದ್ದೇನೆ. ಕೂಡಿಸಿಯೇ ಬರೆಯಬೇಕು, ‘ಬಿಡಿ ಕೋಡ್’ ಎಂದು ಬೇರ್ಪಡಿಸಿದರೆ ಕೋಡನ್ನು ಬಿಟ್ಟುಬಿಡಿ ಎಂಬ ಅರ್ಥವೂ ಇಣುಕುತ್ತದೆ. ಎಡಿಟರ್ ತಂತ್ರಾಂಶಗಳಲ್ಲಿ ಎರಡು ಮೂರು ಅಕ್ಷರ ಒತ್ತಿದರೆ ಕೋಡಿನ ಇಡೀ ಚೌಕಟ್ಟು ಮೂಡುವ ಸೌಲಭ್ಯಕ್ಕೂ ಸ್ನಿಪೆಟ್ ಎಂಬ ಹೆಸರಿದೆ. ಅದಕ್ಕೆ ‘ಅಚ್ಚು’ ಸಾಕು.

ನನಗೆ ಹೆಚ್ಚು ತೊಡಕಾಗಿರುವುದು ಟಿಪ್. ಒಂದು ಉದಾಹರಣೆ ಕೊಡುತ್ತೇನೆ. ‘ಕೀ’ ಎಂಬುದನ್ನು ಕ ಮತ್ತು ದೀರ್ಘ ಈಕಾರದ ಚಿಹ್ನೆ ಎಂದು ಎರಡು ಸಂಕೇತಗಳಲ್ಲಿ ಬರೆಯಬಹುದು; ಕ, ಹ್ರಸ್ವ ಇಕಾರ, ದೀರ್ಘದ ಗುರುತು ಎಂದು ಮೂರರಲ್ಲಿಯೂ ಬರೆಯಬಹುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ದೀರ್ಘದ ಗುರುತಿಗೆ ಪ್ರತ್ಯೇಕ ಆಕೃತಿಯೇ ಇತ್ತು. ಆಕೃತಿಗೊಂದು ಚಿಹ್ನೆ ಎಂಬಂತೆ ಯೂನಿಕೋಡ್‌ಗೆ ಪರಿವರ್ತಿಸಿದ ಪಠ್ಯದಲ್ಲಿ ಈ ಎರಡನೆಯ ರೂಪ ಉಳಿದುಬಿಡುತ್ತದೆ. ಪರದೆಯ ಮೇಲೆ ಎರಡೂ ಒಂದೇ. ಆದರೆ ಹೋಲಿಸಿದರೆ ಬೇರೆ ಬೇರೆ ಎನ್ನುತ್ತದೆ ಕಂಪ್ಯೂಟರ್, ಹುಡುಕಿದರೆ ಪದ ಸಿಗುವುದಿಲ್ಲ. ‘ಹೋಲಿಸುವ ಮೊದಲು ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ ತನ್ನಿ’ (ಒಂದೇ ಅಕ್ಷರದ ಬೇರೆ ಬೇರೆ ಬರವಣಿಗೆಗಳನ್ನು ಒಂದೇ ಬಗೆಗೆ ತರುವ ಯೂನಿಕೋಡ್ ರೂಪ ಅದು) ಎಂಬ ಒಂದು ಮಾತು ಗೊತ್ತಿದ್ದರೆ ಗಂಟೆಗಟ್ಟಲೆ ತಡಕಾಡುವುದು ತಪ್ಪುತ್ತದೆ.

ಈ ಮಾತು ಸಲಹೆಯೇ? ವಕೀಲರ ಸಲಹೆ, ವೈದ್ಯರ ಸಲಹೆ ಎಂದಾಗ ಕೇಳಿದವರ ಪರಿಸ್ಥಿತಿ ನೋಡಿ ಹೇಳಿದ್ದು ಎಂದಾಗುತ್ತದೆ. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ಇಲ್ಲಿ ಅಂಥ ಆಯ್ಕೆ ಇಲ್ಲ. ‘ಕಿವಿಮಾತು’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಹಿರಿಯರು ಕಿರಿಯರಿಗೆ ಬುದ್ಧಿ ಹೇಳುವ ಧ್ವನಿ ಇದೆ. ಇಲ್ಲಿಯೋ ನಿನ್ನೆ ಸೇರಿದ ಹುಡುಗಿ ಇಪ್ಪತ್ತು ವರ್ಷ ದುಡಿದವರಿಗೆ ಹೇಳಿಕೊಡುವುದು ದಿನನಿತ್ಯದ ಸಂಗತಿ. ‘ಸುಳಿವು’ ಪತ್ತೇದಾರಿಕೆಯ ಕಡೆಗೆ ಎಳೆಯುತ್ತದೆ. ‘ಅಡ್ಡದಾರಿ’ಯಂತೂ ಕೂಡದು. ಸದ್ಯಕ್ಕೆ ನನ್ನ ಒಲವು ‘ಉಪಾಯ’ದ ಕಡೆಗೆ. ಕೆಲಸ ಆಗುತ್ತದೆ ಎಂಬ ಖಾತರಿ ಅದರಲ್ಲಿದೆ, ಹೇಳುವವರ ವಯಸ್ಸು ಅದಕ್ಕೆ ಬೇಕಿಲ್ಲ. ಆದರೂ ಚತುರತೆಯ ಅಂಶ ಸ್ವಲ್ಪ ಹೆಚ್ಚಾಯಿತೇ ಎಂಬ ಅನುಮಾನ ಕಾಡುತ್ತಿದೆ.

ಇದಕ್ಕೆ ಹತ್ತಿದ ಇನ್ನೊಂದು ಪದ ‘ನಕಲು’. ಕಚೇರಿಗಳಲ್ಲಿ ದೃಢೀಕೃತ ನಕಲು ಗೌರವದ ವಸ್ತು. ಪರೀಕ್ಷೆಯಲ್ಲಿ ಅದೇ ಪದ ಅಪರಾಧ. ಬೇರೆಯವರ ಕೋಡ್ ಬಳಸುವುದು ಪ್ರೋಗ್ರಾಮರುಗಳಲ್ಲಿ ತಪ್ಪಲ್ಲ, ಮೂಲ ಹೇಳದಿರುವುದು ತಪ್ಪು. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪ್ರಕಟವಾಗುವ ಉತ್ತರಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಇರುತ್ತವೆ. ಬರೆದವರನ್ನು ಹೆಸರಿಸಬೇಕು, ಬದಲಾಯಿಸಿ ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ಈ ಋಣದ ಭಾವ ‘ಎರವಲು’ ಪದದಲ್ಲಿ ಚೆನ್ನಾಗಿ ಬರುತ್ತದೆ. ಕೋಡನ್ನು ಎತ್ತಿಕೊಳ್ಳಲು ಪರದೆಯಲ್ಲಿ ಒತ್ತುವ ಗುಂಡಿಯ ಮೇಲೆ ‘ನಕಲಿಸಿ’ ಇರಲಿ. ಬಿಡಿಕೋಡಿನ ಕೆಳಗೆ ‘ಎರವಲು: ಇಂಥವರಿಂದ’ ಎಂದು ಬರೆಯೋಣ ಎಂದುಕೊಂಡಿದ್ದೇನೆ.

‘ಬಿಡಿಕೋಡ್’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ದಯವಿಟ್ಟು ತಿಳಿಸಿ. ‘ಉಪಾಯ’ಕ್ಕಿಂತ ಒಪ್ಪುವ ಪದ ಕಸುಬುದಾರರ ಮಾತಿನಲ್ಲಿ ಖಂಡಿತ ಇರಬೇಕು. ಬಡಗಿಗಳು, ನೇಕಾರರು, ಅಕ್ಕಸಾಲಿಗರು ಜೊತೆಯವರಿಗೆ ಕೆಲಸದ ಇಂಥ ಒಳಗುಟ್ಟನ್ನು ತೋರಿಸಿಕೊಡುವಾಗ ನಿಮ್ಮ ಕಡೆ ಏನೆನ್ನುತ್ತಾರೆ? ಪದವೊಂದನ್ನೇ ಕಳುಹಿಸದೆ, ಅದು ಬಳಕೆಯಾಗುವ ಒಂದು ವಾಕ್ಯವನ್ನೂ ಊರಿನ ಹೆಸರನ್ನೂ ಜೊತೆಗೆ ಬರೆಯಿರಿ.