ನೀಲಿ ಹಾಕಿದರೆ ಹಸಿರೇಕೆ ಬಂತು ಎಂದು ಕೇಳಿದ ಪುಟ್ಟಿಗೆ

ಪುಟ್ಟಿ, ನಿನ್ನ ಸಂದೇಶವನ್ನು ಬೆಳಿಗ್ಗೆಯೇ ನೋಡಿದೆ. ಕೈಯೆಲ್ಲ ಚಪಾತಿ ಹಿಟ್ಟು, ಅದಕ್ಕೇ ಬರೆಯುವ ಬದಲು ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾದರೆ ಬೈದುಕೊಳ್ಳಬೇಡ. ಭಾನುವಾರ ಪಾಪುವಿನ ಮೊದಲ ಹುಟ್ಟುಹಬ್ಬ, ಆಕಾಶ ನೀಲಿ ಕೇಕ್ ಆಗಬೇಕು, ಬೆಣ್ಣೆ ಕ್ರೀಮಿಗೆ ನೀಲಿ ಹಾಕಿದರೆ ಹಸಿರಾಗಿ ಕುಳಿತಿದೆ, ಅಂಗಡಿಯವನು ತಪ್ಪು ಬಾಟಲಿ ಕೊಟ್ಟನೇ ಎಂದು ಕೇಳಿದ್ದೀಯ. ಅದಕ್ಕೆ ಭಾವ ‘ಗಿಳಿ ಕೇಕ್ ಎಂದು ಹೇಳಿಬಿಡು’ ಎಂದು ಬರೆದಿದ್ದಾರೆ. ಭಾವ, ನೀವು ಸ್ವಲ್ಪ ಸುಮ್ಮನಿರಿ. ಪುಟ್ಟಿ, ಬಾಟಲಿ ಸರಿಯಾಗಿಯೇ ಇದೆ. ಎಡವಟ್ಟು ಮಾಡಿದ್ದು ಬೆಣ್ಣೆ.

ನೀನು ಕಳುಹಿಸಿದ ಫೋಟೊದ ಮೂಲೆಯಲ್ಲಿ ಬೆಣ್ಣೆಯ ಪೊಟ್ಟಣ ಕಾಣುತ್ತಿದೆ. ಅದು ಬ್ರೆಡ್ಡಿಗೆ ಸವರುವ ಉಪ್ಪು ಬೆಣ್ಣೆ. ಹಸು ತಿಂದ ಹಸಿರು ಮೇವಿನ ಕ್ಯಾರೊಟಿನ್ ಹಾಲಿನ ಕೊಬ್ಬಿಗೆ ಬಂದು ಬೆಣ್ಣೆಯನ್ನು ಹಳದಿ ಮಾಡುತ್ತದೆ. ಎಮ್ಮೆ ಅದನ್ನು ಎ ವಿಟಮಿನ್ ಆಗಿ ಮಾರ್ಪಡಿಸಿಕೊಂಡುಬಿಡುತ್ತದೆ, ಅದಕ್ಕೇ ಎಮ್ಮೆ ಬೆಣ್ಣೆ ಬೆಳ್ಳಗೆ. ಅಂಗಡಿಯ ಕೆಲವು ಉಪ್ಪು ಬೆಣ್ಣೆಗಳಿಗೆ ಅನಾಟೊ ಎಂಬ ಬೀಜದ ಬಣ್ಣವನ್ನೂ ಸೇರಿಸುತ್ತಾರೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದಿ ನೋಡು. ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರು ಬರದೆ ಇನ್ನೇನು ಬರಬೇಕು?

ಆದ್ದರಿಂದ ಉಪ್ಪಿಲ್ಲದ, ಆದಷ್ಟು ಬಿಳಿಯ ಬೆಣ್ಣೆ ತಾ. ಊರಿನಿಂದ ಬಂದ ಕಡೆದ ಬೆಣ್ಣೆ ಇದೆಯಲ್ಲ ಎನ್ನಬೇಡ, ಅದರಲ್ಲಿ ಮಜ್ಜಿಗೆಯ ನೀರು ಉಳಿದಿರುತ್ತದೆ, ಕ್ರೀಮ್ ಒಡೆಯುತ್ತದೆ. ಸಕ್ಕರೆ ಪುಡಿ ಹಾಕುವ ಮೊದಲು ಬೆಣ್ಣೆಯೊಂದನ್ನೇ ಏಳೆಂಟು ನಿಮಿಷ ಬೀಟರಿನಲ್ಲಿ ಚೆನ್ನಾಗಿ ತಿರುಗಿಸು. ಒಳಗೆ ಗಾಳಿ ಸೇರಿದಷ್ಟೂ ಬಿಳುಪೇರುತ್ತದೆ. ಆಮೇಲೂ ಹಳದಿ ಛಾಯೆ ಉಳಿದಿದ್ದರೆ... ಅಜ್ಜಿ ತಾತನ ಬಿಳಿ ಪಂಚೆಯನ್ನು ಕಡೆಯ ನೀರಿನಲ್ಲಿ ಅದ್ದುವಾಗ ನಾಲ್ಕು ಹನಿ ನೀಲಿ ಹಾಕುತ್ತಿದ್ದುದು ನೆನಪಿದೆಯೇ? ಅದೇ ಉಪಾಯ. ಟೂತ್‌ಪಿಕ್ ತುದಿಯನ್ನು ನೇರಳೆ ಜೆಲ್ ಬಣ್ಣಕ್ಕೆ ಮುಟ್ಟಿಸಿ, ಕ್ರೀಮಿನಲ್ಲಿ ಒಂದು ಗೀರು ಎಳೆದು ಕಲಸು. ನೇರಳೆ ಹಳದಿಯನ್ನು ನುಂಗಿ ಕ್ರೀಮ್ ಬೆಳ್ಳಗೆ ಕಾಣುತ್ತದೆ. ಒಂದೇ ಗೀರು! ಜಾಸ್ತಿಯಾದರೆ ಬೂದಿ ಬಣ್ಣ ಬರುತ್ತದೆ, ಆಮೇಲೆ ನನಗೆ ಫೋನ್ ಮಾಡಿ ಅಳಬೇಡ. ನೀಲಿ ಹಾಕುವುದು ಇದಾದ ಮೇಲೆ.

ಒಂದು ನಿಮಿಷ, ಕುಕ್ಕರ್ ಮೂರನೆಯ ಸಲ ಕೂಗಿತು.

ಹ್ಞಾಂ, ಬಂದೆ. ನೀರಿನಂತಿರುವ ಬಣ್ಣ ಬೇಡ, ಜೆಲ್ಲೇ ಇರಲಿ. ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಬಾವುಟದ ಕೇಕ್ ಮಾಡುತ್ತೇನೆ ಎಂದು ಒಪ್ಪಿಕೊಂಡಿದ್ದೆ, ಮೇಲೆ ಹಳದಿ, ಕೆಳಗೆ ಕೆಂಪು. ಹಳದಿಗೆ ನಮ್ಮ ಬೆಣ್ಣೆಯೇ ಅರ್ಧ ಕೆಲಸ ಮಾಡಿಕೊಟ್ಟಿತು. ಕೆಂಪು ಮಾತ್ರ ಎಷ್ಟು ಸುರಿದರೂ ಗುಲಾಬಿ. ಅರ್ಧ ಬಾಟಲಿ ಮುಗಿಯಿತು. ಬೆಣ್ಣೆಗೂ ನೀರಿಗೂ ಎಲ್ಲಿಯ ಸ್ನೇಹ, ಕ್ರೀಮ್ ಮೊಸರು ಒಡೆದಂತೆ ಹರಳು ಹರಳಾಯಿತು. ಬಾಯಿಗಿಟ್ಟರೆ ಕಹಿ. ಹಳದಿ–ಗುಲಾಬಿ ಬಾವುಟವನ್ನೇ ಮೇಜಿನ ಮೇಲಿಟ್ಟು, ಹಾಡು ಮುಗಿಯುವವರೆಗೂ ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಮಕ್ಕಳ ನಾಲಿಗೆ ಸಂಜೆಯವರೆಗೂ ಎಲೆ ಅಡಿಕೆ ಹಾಕಿದಂತಿತ್ತು. ಮಾರನೆಯ ದಿನ ಫ್ರಿಜ್ ತೆಗೆದರೆ, ಬಟ್ಟಲಿನಲ್ಲಿ ಉಳಿದಿದ್ದ ಅದೇ ಕ್ರೀಮ್ ಅಪ್ಪಟ ಕುಂಕುಮದಂತೆ ಕೆಂಪಾಗಿ ಕುಳಿತಿದೆ! ಕಲಸಿದ ಕೂಡಲೇ ಕಾಣುವುದು ಪೂರ್ತಿ ಬಣ್ಣವಲ್ಲ, ಕ್ರೀಮಿನಲ್ಲಿ ಅದು ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ನಿನಗೆ ಬೇಕಾದುದಕ್ಕಿಂತ ಒಂದು ಛಾಯೆ ತಿಳಿಯಾಗಿರುವಾಗಲೇ ಕೈ ತಡೆದು, ಮುಚ್ಚಿಟ್ಟು, ಎರಡು ಮೂರು ಗಂಟೆ ಬಿಟ್ಟು ನೋಡು. ಕೆಂಪು, ಕಪ್ಪು ಬೇಕಿದ್ದರೆ ಹಿಂದಿನ ರಾತ್ರಿಯೇ ಕಲಸಿಡಬೇಕು. ಕಪ್ಪಿಗಂತೂ ಬಿಳಿ ಕ್ರೀಮ್ ಹಿಡಿದು ಗುದ್ದಾಡುವುದಕ್ಕಿಂತ ಕೋಕೊ ಹಾಕಿದ ಕ್ರೀಮಿನಿಂದ ಹೊರಡುವುದು ಮೇಲು, ಬಣ್ಣವೂ ಕಡಿಮೆ ಸಾಕು, ಕಹಿಯೂ ಅಡಗುತ್ತದೆ.

ಅತ್ತಿಗೆ, ಮಗುವಿಗೆ ಬಾಟಲಿ ಬಣ್ಣ ಯಾಕೆ ಎಂದು ನೀವು ಕೇಳಿದ್ದು ಸರಿಯಾಗಿಯೇ ಇದೆ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ ಮೇಲೆ ನನಗೂ ಆ ಭಯ ಹತ್ತಿದೆ. ಬಿಡಿ ಪುಡಿಯ ಬಣ್ಣವನ್ನು ಮುಟ್ಟಲೇಬೇಡಿ. ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆ ಮತ್ತು ಯಾವ ಬಣ್ಣ ಎಂಬುದು ಎರಡೂ ಬಾಟಲಿಯ ಮೇಲಿರಬೇಕು. ತಿಳಿ ನೀಲಿಗೆ ಟೂತ್‌ಪಿಕ್ ತುದಿಯಷ್ಟೇ ಸಾಕಾಗುತ್ತದೆ. ಅದೂ ಬೇಡವೆಂದರೆ ಅಂಗಳದ ಶಂಖಪುಷ್ಪವನ್ನು ಒಣಗಿಸಿ, ನಯವಾಗಿ ಪುಡಿ ಮಾಡಿ, ಜರಡಿ ಹಿಡಿದು ಬೆರೆಸಿ. ಮಂಕು ನೀಲಿ ಬರುತ್ತದೆ, ನೋಡಲು ಚೆಂದವೇ. ನಿಂಬೆರಸ ಮಾತ್ರ ತಾಗಿಸಬೇಡಿ, ನೇರಳೆಗೆ ತಿರುಗಿಬಿಡುತ್ತದೆ. ಬೀಟ್‌ರೂಟಿನಿಂದ ಬರುವುದು ಗುಲಾಬಿಯೇ ಹೊರತು ಕೆಂಪಲ್ಲ.

ಪುಟ್ಟಿ, ಕಡೆಯದಾಗಿ ಇನ್ನೆರಡು ಮಾತು. ಇಡೀ ಕೇಕಿಗೆ ಬೇಕಾದ ನೀಲಿಯನ್ನು ಒಂದೇ ಸಲಕ್ಕೆ, ಸ್ವಲ್ಪ ಹೆಚ್ಚಾಗಿಯೇ ಕಲಸು. ನಡುವೆ ಮುಗಿದರೆ ಎರಡನೆಯ ಸಲ ಅದೇ ಛಾಯೆ ತರಲು ನನ್ನಿಂದ ಇವತ್ತಿಗೂ ಆಗಿಲ್ಲ. ಗಾಢವಾಗಿಬಿಟ್ಟರೆ ಅದಕ್ಕೇ ಬಿಳಿ ಸುರಿಯುತ್ತಾ ಹೋಗಬೇಡ, ಬಟ್ಟಲು ತುಂಬುತ್ತದೆಯೇ ಹೊರತು ಬಣ್ಣ ಬೇಗ ಇಳಿಯುವುದಿಲ್ಲ. ಬೇರೆ ಬಟ್ಟಲಿನಲ್ಲಿ ಬಿಳಿ ಕ್ರೀಮ್ ಇಟ್ಟುಕೊಂಡು, ಅದಕ್ಕೆ ಈ ಗಾಢ ಕ್ರೀಮನ್ನು ಚಮಚ ಚಮಚವಾಗಿ ಸೇರಿಸು.

ಈಗಿರುವ ಗಿಳಿ ಹಸಿರನ್ನು ಎಸೆಯಬೇಡ. ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡು, ಕೇಕಿನ ಬುಡದಲ್ಲಿ ಹುಲ್ಲು ಬಿಡಿಸಲು ಬರುತ್ತದೆ. ಉಪ್ಪು ಬೆಣ್ಣೆಯ ಹುಲ್ಲು, ಭಾವನ ಪಾಲಿಗೆ ಇರಲಿ. ಶನಿವಾರ ಹೊಸ ನೀಲಿ ಕಲಸಿದ ಮೇಲೆ ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ಫೋಟೊ ತೆಗೆದು ಕಳುಹಿಸು. ಅಡುಗೆಮನೆಯ ಹಳದಿ ಬಲ್ಬಿನ ಕೆಳಗೆ ತೆಗೆದದ್ದು ಬೇಡ.